ಒಂದೇ ಕ್ಯಾನಿನ ಹಾಲು

ಸುಗಟೂರಿನ ಹತ್ತಿರದ ನಮ್ಮೂರಿನಲ್ಲಿ ಹೆಂಗಸರ ಹಾಲಿನ ಡೈರಿ ಶುರುವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಓದು ಬರಹ ಚೆನ್ನಾಗಿ ಬಲ್ಲವಳೆಂದು ಅಮ್ಮನನ್ನೇ ಕಾರ್ಯದರ್ಶಿ ಮಾಡಿದರು. ಸೊಸೆ ಕುರ್ಚಿಯ ಮೇಲೆ ಕೂತದ್ದಕ್ಕೆ ಅಜ್ಜಿಗೇನೂ ಬೇಸರವಿರಲಿಲ್ಲ. ಬೇಸರವಾದದ್ದು ಎರಡನೇ ವಾರ. ದಲಿತರ ಕಾಲೊನಿಯ ಒಬ್ಬ ಹೆಂಗಸು ಆಗಷ್ಟೇ ಸೀಮೆಹಸು ಕಟ್ಟಿದ್ದಳು. ಹಾಲು ತಂದು, ಹಾಲು ಹಾಕಲು ಬಂದಿದ್ದ ಅಜ್ಜಿಯ ಮುಂದೆ ಸಾಲಿನಲ್ಲಿ ನಿಂತಳು.

"ಅವರ ಹಾಲೂ ನಮ್ಮದೂ ಒಂದೇ ಕ್ಯಾನ್‌ಗಾ?" ಅಜ್ಜಿ ಅಮ್ಮನನ್ನು ಕೇಳಿದಳು.

"ಇರೋದೇ ಒಂದು ಕ್ಯಾನ್ ಅತ್ತೆ," ಎಂದಳು ಅಮ್ಮ, ತಲೆಯೆತ್ತದೆ.

ಅಜ್ಜಿ ಹಾಲನ್ನು ಮನೆಗೆ ವಾಪಸ್ ತಂದಳು. ಮೂರು ದಿನ ಬರೀ ಮೊಸರು, ಮಜ್ಜಿಗೆ. ನಾಲ್ಕನೇ ದಿನ ಅಪ್ಪ, "ಸಾರು ಅಂತ ಒಂದಿತ್ತಲ್ಲ ಈ ಮನೇಲಿ?" ಎಂದ. ಅಂದು ಸಂಜೆ ಅಜ್ಜಿ ಹಾಲಿನ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಡೈರಿಗೆ ಕಳಿಸಿದಳು. ತಾನು ಬರಲಿಲ್ಲ.

ಮರುವರ್ಷ ನಮ್ಮ ಹಸು ಗಬ್ಬವಾಗಿ ಹಾಲು ನಿಲ್ಲಿಸಿತು. ಡೈರಿಯಿಂದಲೇ ಅರ್ಧ ಲೀಟರ್ ತರತೊಡಗಿದೆ. ಅಜ್ಜಿ ಆ ಹಾಲಿನ ಕಾಫಿ ಕುಡಿಯುತ್ತಾಳೋ ಇಲ್ಲವೋ ಎಂದು ಕಂಬಕ್ಕೊರಗಿ ನೋಡುತ್ತಾ ನಿಂತೆ. ಕುಡಿದಳು.

"ಅಜ್ಜಿ, ಇದು ಯಾರ ಮನೆ ಹಾಲು?"

"ಡೈರೀದು ಕಣೇ. ಹೋಗಿ ಓದ್ಕೋ."

ಆ ಉತ್ತರ ನನಗೆ ಸಾಲಲಿಲ್ಲ. ಕ್ಯಾನಿಗೆ ಸುರಿದ ಹಾಲು ಯಾವ ಗಳಿಗೆಯಲ್ಲಿ ಆ ಹೆಂಗಸಿನದಲ್ಲದೆ ಹೋಗುತ್ತದೆ ಎಂದು ಸುಮಾರು ದಿನ ಯೋಚಿಸಿದೆ.

ಕೆಲವು ವರ್ಷಗಳ ಮೇಲೆ ಆ ಹೆಂಗಸೇ ಡೈರಿಯ ಅಧ್ಯಕ್ಷೆಯಾದಳು. ಒಂದು ಬೆಳಿಗ್ಗೆ ಕಾಗದಪತ್ರ ಹಿಡಿದು ನಮ್ಮ ಮನೆಗೆ ಬಂದು ಬಾಗಿಲ ಹೊರಗೇ ನಿಂತಳು.

"ನಿಂತ್ಕೊಂಡೇ ರುಜು ಹಾಕಕ್ಕಾಗುತ್ತಾ? ಒಳಗ್ ಬಾ," ಎಂದು ಅಮ್ಮ ಕರೆದು ಕೂರಿಸಿ, ನಮ್ಮ ಲೋಟದಲ್ಲೇ ಕಾಫಿ ಕೊಟ್ಟಳು. ಅಜ್ಜಿ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಹಸೂಗೆ ಕೆಚ್ಚಲು ಬಾವು ಅಂದ್ರು. ವಾಸಿ ಆಯ್ತಾ ಅಮ್ಮಾ?" ಅವಳೇ ಅಜ್ಜಿಯನ್ನು ಕೇಳಿದಳು.

"ಎಲ್ಲಿ ವಾಸಿ. ಮುಟ್ಟಿದ್ರೆ ಒದೀತದೆ."

ಅವಳು ಎದ್ದು ಕೊಟ್ಟಿಗೆಗೆ ಹೋದಳು. ಅಜ್ಜಿಯೂ ಮಡಿಲಿನ ಸಿಪ್ಪೆ ಕೊಡವಿ ಹಿಂದೆಯೇ ನಡೆದಳು. ಮಾತು ಇಬ್ಬರ ಮನೆಮಾತಾದ ತೆಲುಗಿಗೆ ತಿರುಗಿತು. ಅರ್ಧ ಗಂಟೆಯಾದರೂ ಮುಗಿಯಲಿಲ್ಲ. ಅಷ್ಟರಲ್ಲಿ ಅಮ್ಮ ಆ ಲೋಟವನ್ನು ಉಳಿದವುಗಳ ಜೊತೆಗೇ ತೊಳೆದಿಟ್ಟಿದ್ದಳು.

ಮುಂದಿನ ತಿಂಗಳು ಆ ಹೆಂಗಸು ತನ್ನ ಮೊಮ್ಮಗುವಿನ ನಾಮಕರಣಕ್ಕೆ ನಮ್ಮನ್ನು ಕರೆದಳು. ಅಜ್ಜಿ ಹೋಗುವುದಿಲ್ಲವೆಂದೇ ನಾನು ತಿಳಿದಿದ್ದೆ. ಆದರೆ ಒಳ್ಳೆ ಸೀರೆ ಉಟ್ಟು ನನಗಿಂತ ಮೊದಲೇ ಹೊರಟಳು. ಮಗುವನ್ನು ಎತ್ತಿಕೊಂಡಳು, ಎಲೆ ಅಡಿಕೆ ತೆಗೆದುಕೊಂಡಳು, ಬಾಳೆಹಣ್ಣು ತಿಂದಳು. ಊಟಕ್ಕೆ ಎಬ್ಬಿಸಿದರೆ ಹಸಿವಿಲ್ಲ ಎಂದಳು.

ಮನೆಗೆ ಬಂದವಳೇ ಸೀದಾ ಅಡುಗೆಮನೆಗೆ ಹೋಗಿ ಮುದ್ದೆ ಹಾಕಿಕೊಂಡು ಕೂತಳು.