ಎಂಜಿನ್ ಕಲ್ಲಿಗೆ ಹಲ್ಲು ಹಾಕಿದ ಹಣಮವ್ವ

ನಾನು ಕರಜಗಿಯಲ್ಲಿ ಶಾಲೆ ಮಾಸ್ತರನಾಗಿದ್ದ ಕಾಲಕ್ಕೆ, ತಾನು ಹುಟ್ಟಿದ ದಿನ ಯಾವುದೆಂದು ಬಲ್ಲ ಮುದುಕಿ ಆ ಊರಿನಲ್ಲಿ ಒಬ್ಬಳೇ ಇದ್ದಳು. ಅವಳು ಕಲ್ಲು ಕೆಲಸದ ಹಣಮವ್ವ. ಅವಳ ತಾಯಿ ಯಾರದೋ ಹೊಲದಲ್ಲಿ ಬಾವಿ ತೋಡುವ ಕೂಲಿಗೆ ಹೋಗಿದ್ದಳಂತೆ. ಎಳ್ಳ ಅಮಾವಾಸ್ಯೆಯ ದಿನ, ಹೊಲದವರು ಬೆಳೆಗೆ ಚರಗದ ಎಡೆ ಚೆಲ್ಲಿ ಊಟಕ್ಕೆ ಕುಳಿತ ಹೊತ್ತಿಗೆ ಬನ್ನಿ ಗಿಡದ ನೆರಳಿನಲ್ಲಿ ಇವಳನ್ನು ಹೆತ್ತಳಂತೆ. ಹೀಗಾಗಿ ವರ್ಷ ಮರೆತರೂ ದಿನ ಮರೆಯುವ ಹಾಗಿರಲಿಲ್ಲ. ದೊಡ್ಡ ಬರ ಬಿದ್ದಾಗ ತಾನು ತಲೆಯ ಮೇಲೆ ಕೊಡ ಹೊರುವಷ್ಟು ಬೆಳೆದಿದ್ದೆನೆಂದು ಅವಳು ಹೇಳುತ್ತಿದ್ದಳು. ಅದನ್ನು ಹಿಡಿದು ನಾನು ಲೆಕ್ಕ ಹಾಕಿ, ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ, ಬರುವ ಎಳ್ಳ ಅಮಾವಾಸ್ಯೆಗೆ ಅವಳಿಗೆ ಎಪ್ಪತ್ತು ತುಂಬುತ್ತದೆಂದು ಹೇಳಿದೆ.

"ಎಪ್ಪತ್ತೇನ್ರಿ ಮಾಸ್ತರ? ಹಂಗಾದ್ರ ಇನ್ನ ಮ್ಯಾಲರೆ ಮಂದಿ ನನ್ನ ಮಾತು ಕೇಳಬೇಕು" ಎಂದು ನಕ್ಕಳು.

ಆಗಿನ್ನೂ ಮನೆಮನೆಯಲ್ಲಿ ಬೀಸುಕಲ್ಲು ಇತ್ತು. ಅದರ ಮುಖ ಸವೆದು ನುಣುಪಾದರೆ ಕಾಳು ಒಡೆಯುವುದಿಲ್ಲ, ಬರಿದೇ ಉಜ್ಜಿ ಬಿಸಿಯಾಗುತ್ತದೆ. ಆಗ ಉಳಿ ಸುತ್ತಿಗೆ ಹಿಡಿದು ಕಲ್ಲಿನ ಮುಖದ ತುಂಬ ಸಣ್ಣ ಸಣ್ಣ ಕುಳಿ ಹೊಡೆಯಬೇಕು. ಕಲ್ಲಿಗೆ ಹಲ್ಲು ಹಾಕುವುದೆಂದರೆ ಇದೇ. ಐವತ್ತು ವರ್ಷ ಸುತ್ತಲಿನ ಏಳೆಂಟು ಹಳ್ಳಿಗಳ ಕಲ್ಲುಗಳಿಗೆ ಹಲ್ಲು ಹಾಕಿದವಳು ಹಣಮವ್ವ. ಯಾವ ಮನೆಯ ಕಲ್ಲು ಮೆತ್ತಗಿನದು, ಯಾವ ಮನೆಯದು ಗಟ್ಟಿಯದು, ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಗಂಡನೂ ಮಗನೂ ಮೊದಲೇ ತೀರಿಕೊಂಡಿದ್ದರು. ಉಳಿದವರೆಂದರೆ ಪರ ಊರಿಗೆ ಕೊಟ್ಟ ಮಗಳು ಸಾಬವ್ವ ಮತ್ತು ಮೊಮ್ಮಗ ಶಿವರಾಯ.

ಈ ಶಿವರಾಯ ಎಂಟು ವರ್ಷ ಸೊಲ್ಲಾಪುರದ ಬಟ್ಟೆ ಗಿರಣಿಯೊಂದರಲ್ಲಿ ದುಡಿದು, ಎಂಜಿನ್ನಿನ ಕೆಲಸ ಕಲಿತು, ಊರಿಗೆ ಮರಳಿದ. ಊರ ಗೌಡರಾದ ಅಣ್ಣಾರಾಯರ ಮನವೊಲಿಸಿ ಹಿಟ್ಟಿನ ಗಿರಣಿ ಹಾಕಲು ಸಿದ್ಧನಾದ. ಜಾಗವೂ ಎಂಜಿನ್ನೂ ಗೌಡರವು. ನಡೆಸುವ ಹೊಣೆ ಇವನದು. ದುಧನಿ ಸ್ಟೇಷನ್ನಿನಲ್ಲಿ ಇಳಿಸಿದ ಎಂಜಿನ್ನು ನಾಲ್ಕೆತ್ತಿನ ಬಂಡಿಯಲ್ಲಿ ಊರು ಸೇರಿದ ದಿನ ಹಣಮವ್ವ ಬಂಡಿಯ ಮುಂದೆ ಮುಂದೆ ನಡೆದು ಬಂದಳು.

ಬಾವಿಕಟ್ಟೆಯಲ್ಲಿ ಗಂಗುಬಾಯಿ ಎಂಬವಳು ಅವಳನ್ನು ಕೆಣಕಿದಳು. ಗಂಗುಬಾಯಿಯ ನಾಲಿಗೆಗೆ ಊರೇ ಹೆದರುತ್ತಿತ್ತು.

"ನಿನ್ನ ಮೊಮ್ಮಗನೇ ನಿನ್ನ ಹೊಟ್ಟಿ ಮ್ಯಾಲ ಹೊಡೆದ್ನಲ್ಲಬೇ ಹಣಮವ್ವ. ಇನ್ನ ನಿನ್ನ ಉಳಿ ಯಾರು ಕೇಳ್ತಾರ?"

"ಹೊಡೀಲಿ ಬಿಡು. ನನ್ನ ಹೊಟ್ಟೀಗಿ ಎರಡು ರೊಟ್ಟಿ ಸಾಕು. ನಿನ್ನ ಸೊಸೀ ರಟ್ಟಿ ಉಳೀತಾವಲ್ಲ, ಅದು ನೋಡು" ಎಂದಳು ಹಣಮವ್ವ.

ಗಿರಣಿಯ ಮುಹೂರ್ತ ಎಳ್ಳ ಅಮಾವಾಸ್ಯೆಗೆ ಒಂಬತ್ತು ದಿನ ಮೊದಲು, ಒಂದು ಸೋಮವಾರ ಬಂತು. ಆ ಊರಿನಲ್ಲಿ ಸೋಮವಾರ ಎತ್ತಿಗೆ ನೊಗ ಹಾಕುತ್ತಿರಲಿಲ್ಲ, ಬೀಸುಕಲ್ಲಿನ ಗೂಟಕ್ಕೂ ಕೈ ಹಚ್ಚುತ್ತಿರಲಿಲ್ಲ. ಗೌಡರು ದಿನ ಕೇಳಿದ್ದು ಪೂಜೆಗೆ. ಬೀಸುವುದರ ಮಾತು ಯಾರ ತಲೆಗೂ ಹೊಳೆದಿರಲಿಲ್ಲ. ಹೀಗಾಗಿ ಎಂಜಿನ್ ನೋಡಲು ಮೂರು ಹಳ್ಳಿಯ ಜನ ನೆರೆದರು, ಆದರೆ ಒಬ್ಬರೂ ಒಂದು ಸೇರು ಜೋಳ ತರಲಿಲ್ಲ. ಶಿವರಾಯ ಜನರನ್ನು ನಿರಾಸೆಗೊಳಿಸಲಿಲ್ಲ. ಎಂಜಿನ್ ಹಚ್ಚಿ, ಚಕ್ರಕ್ಕೆ ಪಟ್ಟಾ ಏರಿಸಿ, ಕಲ್ಲು ತಿರುಗಿಸಿದ. ಒಂದು ಗುಂಪು ನೋಡಿ ಹೋಗುವಷ್ಟರಲ್ಲಿ ಇನ್ನೊಂದು ಗುಂಪು ಬಂತು. ಹೊತ್ತು ಮುಳುಗುವ ತನಕ ಕಲ್ಲು ಹಾಗೆಯೇ ತಿರುಗಿತು. ನಾನೂ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ, ಬಹಳ ಸಂತೋಷಪಟ್ಟೆ. ಆ ದಿನ ಹಣಮವ್ವ ಊರಲ್ಲಿರಲಿಲ್ಲ. ಮಗಳು ಸಾಬವ್ವನಿಗೆ ಮೊಮ್ಮಗು ಹುಟ್ಟಿತ್ತೆಂದು ಹಿಂದಿನ ದಿನವೇ ಅವಳ ಊರಿಗೆ ಹೋಗಿದ್ದಳು.

ಮಂಗಳವಾರ ಹೆಣ್ಣುಮಕ್ಕಳು ಬುಟ್ಟಿ ತುಂಬ ಜೋಳ ತಂದು ಸಾಲುಗಟ್ಟಿದರು. ಸಂಜೆಗೆ ಊರ ತುಂಬ ಗದ್ದಲ. ಗಿರಣಿಯ ಹಿಟ್ಟು ಕೈಗೆ ಸುಡುವಷ್ಟು ಬಿಸಿ. ನಾದಿದರೆ ಕೂಡಿಕೊಳ್ಳುವುದಿಲ್ಲ, ಬಡಿದರೆ ರೊಟ್ಟಿಯ ಅಂಚು ಬಿರಿಯುತ್ತದೆ, ಎತ್ತಿದರೆ ನಡುವೆ ಹರಿಯುತ್ತದೆ. ಶಿವರಾಯ ಎರಡೂ ಕಲ್ಲುಗಳನ್ನು ಇನ್ನಷ್ಟು ಬಿಗಿ ಮಾಡಿದ. ಹಿಟ್ಟು ನುಣ್ಣಗಾಯಿತು, ಆದರೆ ಮೊದಲಿಗಿಂತ ಬಿಸಿಯಾಯಿತು. ಎಂಜಿನ್ನಿನ ಹೊಗೆ ಜೋಳದ ಸತ್ವ ಹೀರಿಕೊಳ್ಳುತ್ತದೆಂದು ಯಾರೋ ಹೇಳಿದರು, ಊರೆಲ್ಲ ನಂಬಿತು. ಗಂಗುಬಾಯಿ ತನ್ನ ಹಿಟ್ಟನ್ನು ತಿರುಗಿ ಹೊತ್ತು ತಂದು ಗಿರಣಿಯ ಮುಂದೆ ಇಳಿಸಿ, "ಇದು ರೊಟ್ಟಿಗಿ ಬರಂಗಿಲ್ಲೋ ಶಿವರಾಯ, ಗ್ವಾಡಿಗಿ ಬಳಿಯಾಕ ಬರ್ತದ" ಎಂದಳು. ಗುರುವಾರದ ಹೊತ್ತಿಗೆ ಗಿರಣಿಯ ಕಡೆ ಯಾರೂ ಸುಳಿಯದಾದರು.

ಗೌಡರು ಕೆಟ್ಟವರಲ್ಲ, ಆದರೆ ನಗೆಪಾಟಲಾಗುವುದನ್ನು ಸಹಿಸುವವರಲ್ಲ. ಎಳ್ಳ ಅಮಾವಾಸ್ಯೆಗೆ ಮನೆಮನೆಗೂ ಹಿಟ್ಟು ಬೇಕು. ಅಷ್ಟರೊಳಗೆ ಜನ ಬಾರದಿದ್ದರೆ ಎಂಜಿನ್ನನ್ನು ಜೇವರ್ಗಿಯ ವ್ಯಾಪಾರಿಗೆ ಕೊಟ್ಟುಬಿಡುವೆನೆಂದು ಶಿವರಾಯನಿಗೆ ಹೇಳಿ ಕಳಿಸಿದರು.

ಶುಕ್ರವಾರ ಹಣಮವ್ವ ಊರಿಗೆ ಬಂದಳು. ಊರ ಅಗಸೆ ಬಾಗಿಲಲ್ಲೇ ಸುದ್ದಿ ಮುಟ್ಟಿತು. ಕೈಕಾಲು ಸಹ ತೊಳೆಯದೆ ಗಿರಣಿಗೆ ಹೋದಳು. ಚಿಟಿಕೆ ಹಿಟ್ಟು ತೆಗೆದು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿದಳು, ನಾಲಿಗೆಯ ಮೇಲಿಟ್ಟು ನೋಡಿದಳು. ಆಮೇಲೆ ಒಂದೇ ಮಾತು ಕೇಳಿದಳು.

"ಖಾಲಿ ಕಲ್ಲು ತಿರುವಿದ್ಯೇನಪಾ?"

ಶಿವರಾಯ ತಲೆ ತಗ್ಗಿಸಿದ. ನಡುವೆ ಕಾಳಿಲ್ಲದೆ ಕಲ್ಲು ಕಲ್ಲನ್ನೇ ಇಡೀ ದಿನ ತಿಂದಿತ್ತು. ಹೊಸ ಕಲ್ಲಿನ ಹಲ್ಲೆಲ್ಲ ಮುಹೂರ್ತದ ದಿನವೇ ಸವೆದುಹೋಗಿದ್ದವು. ಜನರೆಲ್ಲ ಮೆಚ್ಚಿ ನೋಡಿದ್ದು ಅದನ್ನೇ.

ಅವಳು ಕಲ್ಲು ಬಿಚ್ಚಿಸು, ಹಲ್ಲು ಹಾಕುತ್ತೇನೆ ಎಂದಳು. ಅವನು ಒಪ್ಪಲಿಲ್ಲ. ಸೊಲ್ಲಾಪುರಕ್ಕೆ ಪತ್ರ ಬರೆದು ಬೇರೆ ಕಲ್ಲು ತರಿಸುವೆನೆಂದ. ಅದು ಬರಲು ತಿಂಗಳು ಬೇಕೆಂದು ಅವನಿಗೂ ಗೊತ್ತಿತ್ತು. ನಿಜವಾಗಿ ಅವನಿಗೆ ನಾಚಿಕೆ. ಚಿಕ್ಕಂದಿನಲ್ಲಿ ಅಜ್ಜಿಯ ಹಿಂದೆ ಉಳಿಯ ಚೀಲ ಹೊತ್ತು ಓಣಿ ಓಣಿ ತಿರುಗಿದವನು ಅವನು. ಕಲ್ಲಿನ ಪುಡಿಯಿಂದ ಬೆಳ್ಳಗಾದ ತನ್ನ ತಲೆಯನ್ನು ನೋಡಿ ಓರಗೆಯವರು ನಗುತ್ತಿದ್ದುದನ್ನು ಮರೆತಿರಲಿಲ್ಲ.

"ಸೊಲ್ಲಾಪುರದಾಗ ನಾ ಫಿಟ್ಟರ್ ಅನಿಸಿಕೊಂಡಾಂವ ಆಯಿ" ಎಂದ. "ಇಂಜಿನ್ ತಂದು ಮತ್ತ ಮುದುಕೀ ಉಳೀಗೇ ಬಂದ ಅಂತ ಮಂದಿ ನಗ್ತಾರ."

"ಈಗೇನ್ ಅಳಾಕತ್ತಾರೇನು?"

ಅವನು ಪತ್ರ ಬರೆಯಲು ಎದ್ದು ಹೋದ. ಶನಿವಾರವೂ ಹಾಗೆಯೇ ಕಳೆಯಿತು. ಶನಿವಾರ ಸಂಜೆ ಜೇವರ್ಗಿಯ ವ್ಯಾಪಾರಿ ಗೌಡರ ಜೊತೆ ಗಿರಣಿಗೆ ಬಂದು ಎಂಜಿನ್ನನ್ನು ಸುತ್ತಿ ಸುತ್ತಿ ನೋಡಿ ಹೋದ ಮೇಲೆ, ಶಿವರಾಯ ಅಜ್ಜಿಯ ಮುಂದೆ ಬಂದು ಕುಳಿತು, ನಾಳೆ ಕಲ್ಲು ಬಿಚ್ಚಿಸುತ್ತೇನೆ ಎಂದ.

ಭಾನುವಾರ ನಸುಕಿನಲ್ಲಿ ಶಿವರಾಯ ಕಮ್ಮಾರ ಇಮಾಮಸಾಬನನ್ನೂ ಇನ್ನಿಬ್ಬರನ್ನೂ ಕರೆತಂದು ಮೇಲಿನ ಕಲ್ಲನ್ನು ಎತ್ತಿಸಿ ಅಂಗಾತ ಮಲಗಿಸಿದ. ಹಣಮವ್ವ ಸೀರೆಯ ಸೆರಗು ಬಿಗಿದು ಅದರ ಮುಂದೆ ಕುಳಿತಳು. ಅವನು ಹೋಗಿ ಗಿರಣಿಯ ಬಾಗಿಲು ಮುಚ್ಚಲು ನೋಡಿದ.

"ಬಾಗಲಾ ತೆರದಿಡು" ಎಂದಳು. "ಇದು ಕದ್ದು ಮಾಡೂ ಕೆಲಸಲ್ಲ. ಐವತ್ತು ವರ್ಷ ನಾನು ಮಂದಿ ಅಂಗಳದಾಗ ಕುಂತು ಮಾಡೀನಿ."

ಬಾಗಿಲು ತೆರೆದೇ ಉಳಿಯಿತು. ಉಳಿಯ ಸಪ್ಪಳ ಕೇಳಿ ಜನ ಬಂದರು. ಬೀಸುಕಲ್ಲಿನ ಮೂರು ಪಟ್ಟು ಅಗಲದ ಕಲ್ಲು ಅದು. ಎಪ್ಪತ್ತು ವರ್ಷದ ಮುದುಕಿ ನಡುವಿನಿಂದ ಅಂಚಿನತ್ತ ಸಾಲು ಸಾಲಾಗಿ ಹಲ್ಲು ಹಾಕುತ್ತಾ ಹೋದಳು. ನಡುವೆ ದೊಡ್ಡ ಕುಳಿ, ಅಂಚಿಗೆ ಬಂದಂತೆ ಸಣ್ಣ ಕುಳಿ. ಎಂಜಿನ್ನಿನ ಕಲ್ಲು ಕೈಕಲ್ಲಿಗಿಂತ ಜೋರಾಗಿ ತಿರುಗುತ್ತದೆ, ಹಿಟ್ಟು ಬೇಗ ಹೊರಬೀಳದಿದ್ದರೆ ಸುಡುತ್ತದೆ ಎಂದು ಅವಳೇ ಯೋಚಿಸಿ, ಅಂಚಿಗೆ ಹಿಟ್ಟು ಹರಿದುಹೋಗುವಂತೆ ಓರೆಯಾಗಿ ಗೀರುಗಳನ್ನೂ ಕಡೆದಳು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮಧ್ಯಾಹ್ನ ಒಂದು ರೊಟ್ಟಿ ತಿಂದು ಕೆಳಗಿನ ಕಲ್ಲಿಗೆ ಕುಳಿತಳು. ನಗುವವರು ಯಾರೂ ಕಾಣಲಿಲ್ಲ. ಶಿವರಾಯ ಬಗಲಲ್ಲೇ ನಿಂತು, ಮೊಂಡಾದ ಉಳಿಗಳನ್ನು ಇಮಾಮಸಾಬನ ಕುಲುಮೆಗೆ ಒಯ್ದು ಹರಿತ ಮಾಡಿಸಿ ತರುತ್ತಿದ್ದ.

ಸಂಜೆ ಕಲ್ಲು ಜೋಡಿಸಿದರು. ಮೊದಲು ಎರಡು ಸೇರು ಹೊಟ್ಟು ಹಾಕಿ ಬೀಸಿ, ಕಲ್ಲಿನ ಪುಡಿ ಹೋಗಲೆಂದು ಅದನ್ನು ಚೆಲ್ಲಿದರು. ಆಮೇಲೆ ಹಣಮವ್ವ ಗಂಗುಬಾಯಿಯನ್ನೇ ಕರೆಸಿ, ಅವಳ ಜೋಳ ಹಾಕಿಸಿದಳು. ಹಿಟ್ಟು ಬಿತ್ತು. ಗಂಗುಬಾಯಿ ಕೈಯೊಡ್ಡಿದಳು, ಹಿಟ್ಟು ತಣ್ಣಗಿತ್ತು. ಹಿಟ್ಟು ಹೊತ್ತು ಮನೆಗೆ ಹೋದಳು. ಅರ್ಧ ತಾಸಿನಲ್ಲಿ ಒಂದು ರೊಟ್ಟಿ ಹಿಡಿದು ಬಂದು, ಎಲ್ಲರ ಮುಂದೆ ಅದನ್ನು ನಾಲ್ಕು ಮಡಿಕೆ ಮಡಿಚಿ ಬಿಡಿಸಿ ತೋರಿಸಿದಳು. ಎಲ್ಲಿಯೂ ಹರಿದಿರಲಿಲ್ಲ.

"ಬರೋಬ್ಬರಿ ಅದ" ಎಂದಳು. ಗಂಗುಬಾಯಿಯ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಮರುದಿನ ಸೋಮವಾರ, ಯಾರೂ ಬೀಸುವ ಹಾಗಿಲ್ಲ. ಮಂಗಳವಾರ ಹೊತ್ತು ಮೂಡುವ ಮೊದಲೇ ಗಿರಣಿಯ ಮುಂದಿನ ಬುಟ್ಟಿಗಳ ಸಾಲು ಗೌಡರ ವಾಡೆಯ ತನಕ ಹೋಗಿತ್ತು.

ಬುಧವಾರ ಎಳ್ಳ ಅಮಾವಾಸ್ಯೆ. ಗೌಡರು ತಮ್ಮ ಹೊಲಕ್ಕೆ ನನ್ನನ್ನೂ, ಹಣಮವ್ವನನ್ನೂ ಶಿವರಾಯನನ್ನೂ ಕರೆದಿದ್ದರು. ಎದೆಯುದ್ದ ಬೆಳೆದ ಬಿಳಿ ಜೋಳದ ನಡುವೆ ಕಂಬಳಿ ಹಾಸಿ ಕುಳಿತೆವು. ಸಜ್ಜೆ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ, ಜೋಳದ ಕಡಬು, ಶೇಂಗಾ ಹೋಳಿಗೆ, ಹಿಟ್ಟೆಲ್ಲ ಗಿರಣಿಯದೇ. ಅವಳಿಗೆ ಇಂದು ಎಪ್ಪತ್ತು ತುಂಬಿತೆಂದು ನಾನು ತಿಳಿಸಿದಾಗ ಗೌಡತಿಯವರು ಹಣಮವ್ವನ ಉಡಿಗೆ ಒಂದು ಹೊಸ ಕುಪ್ಪಸದ ಖಣ ಹಾಕಿದರು.

ಊಟವಾದ ಮೇಲೆ ಗೌಡತಿಯವರು, ಗಿರಣಿಯೇನೋ ಬಂತು, ಆದರೆ ಬೀಸುವಾಗ ಹಾಡುವ ಹಾಡುಗಳು ಹೋಗಿಬಿಡುತ್ತವೆಂದು ಪೇಚಾಡಿಕೊಂಡರು.

"ಹಾಡು ಬೇಕಂದ್ರ ರೊಟ್ಟಿ ಬಡಿಯೂವಾಗ ಹಾಡ್ರಿ ಅವ್ವ" ಎಂದಳು ಹಣಮವ್ವ. ಎಲ್ಲರೂ ನಕ್ಕರು, ಅವಳು ನಗಲಿಲ್ಲ. ತಾನು ಹಲ್ಲು ಹಾಕಿದ ಕಲ್ಲುಗಳ ಮುಂದೆ ಎಷ್ಟು ಬಸುರಿಯರು, ಎಷ್ಟು ಬಾಣಂತಿಯರು ಕೋಳಿ ಕೂಗುವ ಮೊದಲೇ ಎದ್ದು ಕುಳಿತಿದ್ದರೆಂಬುದನ್ನು ನಿಧಾನವಾಗಿ ಹೇಳಿದಳು. ಕಾಲ ಕೆಟ್ಟಿತೆಂದು ತನ್ನ ವಯಸ್ಸಿನವರು ಅನ್ನುತ್ತಾರೆ. ಅವರಲ್ಲಿ ಒಬ್ಬರೂ ತಮ್ಮ ಮೊಮ್ಮಗಳನ್ನು ಮತ್ತೆ ಬೀಸಲು ಕೂಡ್ರಿಸಲಿ ನೋಡೋಣ ಎಂದಳು.

ಗೌಡರು ಎಂಜಿನ್ ಎಲ್ಲಿಗೂ ಹೋಗುವುದಿಲ್ಲವೆಂದು ಮಾತು ಕೊಟ್ಟರು. ಎರಡು ವಾರಕ್ಕೊಮ್ಮೆ ಕಲ್ಲಿಗೆ ಹಲ್ಲು ಹಾಕುವ ಕೆಲಸ ಮಾತ್ರ ಹಣಮವ್ವನದೇ ಆಗಬೇಕೆಂದರು.

"ನಾ ಹಾಕಂಗಿಲ್ರಿ ಗೌಡ್ರ. ಇಂವ ಹಾಕ್ತಾನ" ಎಂದು ಮೊಮ್ಮಗನ ಬೆನ್ನ ಮೇಲೆ ಕೈಯಿಟ್ಟಳು. "ನಮ್ಮ ಮನೆತನದಾಗ ಇಂಜಿನ್ ಬಲ್ಲಾಂವ ಒಬ್ಬನೂ ಇದ್ದಿಲ್ಲ. ಸೊಲ್ಲಾಪುರದ ಫಿಟ್ಟರ್‌ಗೋಳಿಗಿ ಕಲ್ಲು ತಿಳಿಯಂಗಿಲ್ಲ. ಇಂವ ಎರಡೂ ಬಲ್ಲಾಂವ ಆಗಲಿ."

ಶಿವರಾಯ ಗೌಡರತ್ತ ನೋಡಲಿಲ್ಲ. ಅಜ್ಜಿಯತ್ತ ತಿರುಗಿ, "ಹೂಂ ಆಯಿ, ಕಲಿಸು" ಎಂದ.

ಎರಡು ವಾರದ ಮೇಲೆ ನಾನು ಶಾಲೆಗೆ ಹೋಗುವಾಗ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಕಲ್ಲು ಅಂಗಾತ ಬಿದ್ದಿತ್ತು. ಖಾಕಿ ಅಂಗಿಯ ತೋಳು ಮಡಿಚಿ, ತಲೆಯೆಲ್ಲ ಬೆಳ್ಳಗೆ ಮಾಡಿಕೊಂಡು ಶಿವರಾಯ ಉಳಿ ಹೊಡೆಯುತ್ತಿದ್ದ. ಹಣಮವ್ವ ಬಗಲಲ್ಲಿ ಕುಳಿತು, ಅವನ ಮೊಣಕೈಯನ್ನು ಆಗಾಗ ಒಂದಿಷ್ಟು ಮೇಲೆತ್ತುತ್ತಿದ್ದಳು. ಹಾದು ಹೋಗುವವರನ್ನೆಲ್ಲ ನಿಲ್ಲಿಸಿ, ಊರಿಗೆಲ್ಲ ಗೊತ್ತಿದ್ದ ಸಂಗತಿಯನ್ನೇ ಹೇಳುತ್ತಿದ್ದಳು: "ಇಂವ ನನ್ನ ಮೊಮ್ಮಗ."