ಕತ್ತಲಲ್ಲಿ ಎಲ್ಲರಿಗೂ ಕಾಣುತ್ತದಂತೆ

ನಮ್ಮ ಮನೆಗೆ ಕ್ರಿಸ್‌ಮಸ್ ಟ್ರೀ ಬಂದದ್ದು ಮಗಳ ಹಟದಿಂದ. ಮುಂಬಯಿಯ ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮಹಡಿಯ ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸೊಬ್ಬರು ಪ್ರತಿ ಡಿಸೆಂಬರಿನಲ್ಲಿ ತಟ್ಟೆ ತುಂಬ ಕ್ರಿಸ್‌ಮಸ್ ತಿಂಡಿ ಕಳಿಸುತ್ತಾರೆ. ಗಣಪತಿ ಹಬ್ಬಕ್ಕೆ ನಮ್ಮಿಂದ ಅವರಲ್ಲಿಗೆ ಪಂಚಕಜ್ಜಾಯ ಹೋಗುತ್ತದೆ. "ಖಾಲಿ ತಿನ್ನೋದು ಯಾಕೆ, ಟ್ರೀ ಭೀ ಇಡೋಣ ನಾ" ಎಂದು ಕಾಲೇಜಿಗೆ ಹೋಗುವ ಮಗಳು ಸ್ಟೇಷನ್ ಎದುರಿನ ಬಜಾರಿನಿಂದ ಸೊಂಟದೆತ್ತರದ ಪ್ಲಾಸ್ಟಿಕ್ ಮರವನ್ನೂ ದೀಪದ ಸರವನ್ನೂ ಹೊತ್ತು ತಂದಳು. ಅತ್ತೆ ಬೇಡ ಎನ್ನಲಿಲ್ಲ. ದೇವರ ಸ್ಟ್ಯಾಂಡಿಗೆ ಅಡ್ಡ ಇಡಬೇಡಿ ಎಂದಷ್ಟೇ ಹೇಳಿದರು.

ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ತಮ್ಮ ತಮ್ಮ ಮರದ ಫೋಟೋ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಫೋಟೋ ತೆಗೆಯುವವಳು ನಾನು. ಮದುವೆ, ಮುಂಜಿ, ಗಚ್ಚಿಯ ಮೇಲೆ ಒಣಗಲು ಹಾಕಿದ ಹಪ್ಪಳ, ಯಾವುದಾದರೂ ಸರಿ. ಆ ಸಂಜೆ ಆಫೀಸಿನಿಂದ ಬಂದು ಚಹಾ ಕುಡಿದು ಫೋನು ಹಿಡಿದು ನಿಂತೆ. ಟ್ಯೂಬ್‌ಲೈಟಿನ ಬೆಳಕಿಗೆ ಮರ ಸಪ್ಪೆಯಾಗಿ ಕಂಡಿತು.

"ಲೈಟ್ ಆಫ್ ಮಾಡಿ ತೆಗಿ, ಅಮ್ಮ. ತಭೀ ಅಚ್ಛಾ ಆಯೇಗಾ" ಎಂದಳು ಮಗಳು. ಅವಳೇ ಎಲ್ಲ ದೀಪ ಆರಿಸಿ, ಎದುರು ಬಿಲ್ಡಿಂಗಿನ ಬೆಳಕು ಬಾರದಂತೆ ಪರದೆ ಎಳೆದಳು.

ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಎದುರಿಗೆ ಪೂರ್ತಿ ಕಪ್ಪು. ಆ ಕಪ್ಪಿನೊಳಗೆ ಹಳದಿ ಚುಕ್ಕಿಗಳು ಮಾತ್ರ ತೇಲುತ್ತಿದ್ದವು. ಮರವೇ ಇಲ್ಲ, ಬರೀ ದೀಪಗಳು. ಬಹಳ ಚಂದ ಎನ್ನಿಸಿತು. ಕೈ ಅಲುಗಿಸದೆ ಹಿಡಿದು ಗುಂಡಿ ಒತ್ತಿದೆ. ಫೋನು ಸ್ವಲ್ಪ ಹೊತ್ತು ತಗೊಂಡು ಚಿತ್ರ ತೋರಿಸಿತು.

ಚಿತ್ರದಲ್ಲಿ ಮರದ ಎಲೆ ಎಲೆಯೂ ಇತ್ತು. ಪರದೆಯ ನೆರಿಗೆ ಇತ್ತು. ಸೋಫಾದ ಮೇಲೆ ನನ್ನ ಗಂಡ ಕಾಲು ಚಾಚಿ ಕೂತಿದ್ದರು. ಮರದ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅತ್ತೆ, ಮಡಿಲಲ್ಲಿ ಕೈಯಿಟ್ಟುಕೊಂಡು ನೇರ ನನ್ನನ್ನೇ ನೋಡುತ್ತಿದ್ದರು.

ಅತ್ತೆ ಒಳಕೋಣೆಯಲ್ಲಿ ಮಲಗಿದ್ದಾರೆಂದೇ ನಾನು ತಿಳಿದಿದ್ದೆ.

"ಅತ್ತೆ, ನೀವು ಯಾವಾಗ ಬಂದದ್ದು?"

"ಈಗ ಬಂದೆನಲ್ಲ" ಎಂದಿತು ಕತ್ತಲಿನಿಂದ ಅವರ ಸ್ವರ. "ನಿನ್ನ ಎದುರಿನಿಂದಲೇ ದಾಟಿ ಬಂದು ಕೂತದ್ದು. ನಿನ್ನನ್ನು ನೋಡಿ ನಕ್ಕೆ ಸಹ. ನೀನು ಮುಖವೇ ಕೊಡಲಿಲ್ಲ."

ನಾನು ನಕ್ಕುಬಿಟ್ಟೆ. "ಎಂತ ಕ್ಯಾಮೆರಾ ಇದು. ಕಣ್ಣಿಗೆ ಕಾಣದ್ದೆಲ್ಲ ಇದರಲ್ಲಿ ಬರ್ತದೆ."

"ಕಾಣದ್ದು ಅಂದ್ರೆ?" ಮಗಳು ಕೇಳಿದಳು. "ಅಜ್ಜಿ ದಿಖ್ ರಹೀ ಹೈ ನಾ, ಅಮ್ಮ. ಕಾಣ್ತಾರಲ್ಲ."

"ಈ ಕತ್ತಲಲ್ಲಾ?"

"ಕತ್ತಲು ಎಲ್ಲಿ ಉಂಟು? ಇಷ್ಟು ಲೈಟ್ ಉಂಟಲ್ಲ ಟ್ರೀದು."

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಗಂಡನನ್ನು ಕೇಳಿದೆ: "ನಿಮಗೆ ಕುರ್ಚಿ ಕಾಣ್ತದಾ?"

"ಕಾಣ್ತದೆ. ಚಪ್ಪಲಿ ಸ್ಟ್ಯಾಂಡು, ಫ್ಯಾನು, ನೀನು, ಎಲ್ಲ ಕಾಣ್ತದೆ. ನಿನಗೆ ಕಾಣ್ತಾ ಇಲ್ವಾ?"

ಆಮೇಲೆ ಮಗಳ ಸ್ವರ ತೀರ ಹತ್ತಿರದಿಂದ ಬಂತು. "ಅಮ್ಮ, ಎಷ್ಟು ಬೆರಳು?"

"ಕೈ ಎಲ್ಲಿ ಹಿಡಿದಿದ್ದಿ?"

"ನಿನ್ನ ಮುಖದ ಸಾಮ್ನೆ."

ಕೈ ಚಾಚಿದೆ. ಅವಳ ಬೆರಳುಗಳು ತಾಗಿದವು.

ಆ ಕ್ಷಣದ ಆಘಾತವನ್ನು ಹೇಗೆ ಹೇಳಲಿ? ನಲವತ್ತು ದಾಟಿದ ಹೆಂಗಸು ನಾನು. ಕತ್ತಲು ಎಂದರೆ ಯಾರಿಗೂ ಏನೂ ಕಾಣದ ಹೊತ್ತು ಎಂದೇ ಅಷ್ಟು ವರ್ಷ ನಂಬಿದ್ದೆ. ಕತ್ತಲಲ್ಲಿ ಸರಸರ ನಡೆಯುವವರು ಧೈರ್ಯವಂತರು, ದಾರಿಯನ್ನು ಬಾಯಿಪಾಠ ಮಾಡಿಕೊಂಡವರು, ನಾನು ಪುಕ್ಕಲಿ. ಚಿಕ್ಕಂದಿನಿಂದ ಎಲ್ಲರೂ ನನ್ನನ್ನು ಹಾಗೆಯೇ ಕರೆದಿದ್ದರು. ಅವರಿಗೆಲ್ಲ ಕಾಣುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಅದನ್ನು ಯಾರಾದರೂ ಯಾಕೆ ಹೇಳಬೇಕು?

ಮಗಳು ಓಡಿ ಹೋಗಿ ಲೈಟು ಹಾಕಿದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಗಂಡ ಮೆಲ್ಲಗೆ ಹೇಳಿದರು: "ಸಿನಿಮಾ ಹಾಲಿನಲ್ಲಿ ನೀನು ನನ್ನ ಅಂಗಿ ಹಿಡ್ಕೊಳ್ತಿ. ಮದುವೆಯಾದ ಹೊಸತರಿಂದಲೂ. ನಾನು ಅದು ಪ್ರೀತಿ ಅಂತ ಗ್ರಹಿಸಿದ್ದೆ."

"ಪ್ರೀತಿ ಸಹ ಹೌದು" ಎಂದೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಮಾಳಿಗೆ ಮೆಟ್ಟಿಲಿನ ಹತ್ತಿರ ಸಂಜೆ ನಾನು ಎದುರು ಸಿಕ್ಕಿದರೆ ನೀನು ಮಾತಾಡಿಸದೆ ಹೋಗ್ತಿದ್ದಿ. ಸೊಸೆಗೆ ಕೊಬ್ಬು ಅಂತ ಊರಿಗೆ ಫೋನಿನಲ್ಲಿ ಹೇಳಿದ್ದೇನೆ. ಒಂದು ಸಲ ಅಲ್ಲ." ಅಷ್ಟು ಹೇಳಿ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ನಮ್ಮಿಬ್ಬರ ನಡುವೆ ಅಂಥ ರೂಢಿಯಿರಲಿಲ್ಲ.

ಆ ವಾರವೇ ಕಣ್ಣಿನ ಆಸ್ಪತ್ರೆಗೆ ಹೋದೆವು. ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕಿತ್ತು. ನನಗೆ ಪರೀಕ್ಷೆ ಶುರುವೇ ಆಗಿಲ್ಲ ಎನ್ನಿಸುವಷ್ಟು ಹೊತ್ತು ಏನೂ ಕಾಣಲಿಲ್ಲ. ಆದರೆ ಅದು ಅರ್ಧ ಮುಗಿದಿತ್ತು. ಡಾಕ್ಟರು ಕಾಗದದ ಮೇಲೆ ನನ್ನ ನೋಟವನ್ನು ತೋರಿಸಿದರು. ನಡುವಿನಲ್ಲಿ ಬಿಳಿ, ಸುತ್ತ ಕಪ್ಪು. ಹುಟ್ಟಿನಿಂದಲೇ ಬಂದದ್ದು, ನಿಧಾನವಾಗಿ ಹೆಚ್ಚಾಗುತ್ತದೆ, ನನ್ನಂಥವರಿಗೆ ಸದ್ಯಕ್ಕೆ ಔಷಧಿಯಿಲ್ಲ, ಓದು ಬರಹಕ್ಕೆ ಬಹಳ ವರ್ಷ ತೊಂದರೆಯಾಗಲಾರದು ಎಂದರು. ನಾನು ನನ್ನದನ್ನು ಕೇಳಲೇ ಇಲ್ಲ. "ಮಗಳಿಗೆ?" ಎಂದೆ. ಅವಳನ್ನೂ ಪರೀಕ್ಷಿಸಿದರು. ಅವಳ ಕಣ್ಣು ಚೆನ್ನಾಗಿತ್ತು. ಕಾರಿಡಾರಿನ ಬೆಂಚಿನ ಮೇಲೆ ಕೂತು ಆಗ ನಾನು ಅತ್ತುಬಿಟ್ಟೆ, ಜೋರಾಗಿಯೇ.

ಅಂಧೇರಿಯ ಆಫೀಸಿನಲ್ಲಿ ವಿಷಯ ಹೇಳಿ, ಬೆಳಕಿರುವಾಗಲೇ ಹೊರಡುವ ಹಾಗೆ ಪಾಳಿ ಬದಲಿಸಿಕೊಂಡೆ. ಆದರೂ ಚಳಿಗಾಲದಲ್ಲಿ ಒಮ್ಮೊಮ್ಮೆ ಕತ್ತಲಾಗುತ್ತದೆ. ಮೊನ್ನೆ ಕುರ್ಲಾ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಸೇತುವೆಯ ದೀಪ ಕೆಟ್ಟಿತ್ತು. ನಾನು ಕಂಬಿ ಹಿಡಿದು ನಿಂತೆ. ಜನ ನನ್ನ ಎರಡೂ ಬದಿಯಿಂದ ಇಳಿಯುತ್ತಿದ್ದರು, ಫೋನಿನಲ್ಲಿ ಮಾತಾಡುತ್ತ, ಕಡಲೆ ತಿನ್ನುತ್ತ. ಕಾಲ ಕಡೆ ಒಬ್ಬರೂ ನೋಡುತ್ತಿರಲಿಲ್ಲ. ಇಷ್ಟೂ ಜನಕ್ಕೆ ಮೆಟ್ಟಿಲು ಕಾಣುತ್ತಿದೆ ಎಂಬುದನ್ನು ಇವತ್ತಿಗೂ ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ.

"ಆಂಟೀ, ಕುಛ್ ಗಿರ್ ಗಯಾ ಕ್ಯಾ?" ಏನಾದರೂ ಬಿತ್ತಾ ಎಂದು ಹಿಂದಿನಿಂದ ಒಬ್ಬ ಹುಡುಗಿ ಕೇಳಿದಳು.

"ನಹೀ. ಸೀಢೀ ನಹೀ ದಿಖತೀ ಮುಝೇ" ಎಂದೆ, ಮೆಟ್ಟಿಲು ಕಾಣುವುದಿಲ್ಲವೆಂದು.

ಅವಳು ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ನನ್ನ ಕಡೆಗೆ ಮೊಣಕೈ ಚಾಚಿದಳು. ನಾವು ಇಳಿದೆವು.