ಎರೆ ಹೊಲದ ಕಲ್ಲು ಮತ್ತು ನನ್ನ ಸಹಿ

ದೆವ್ವ, ಗಾಳಿ, ಮಾಟ ಎಂದವರ ಬಾಯಿ ಮುಚ್ಚಿಸುವುದರಲ್ಲಿ ನನಗೆ ಒಂದು ಕಾಲಕ್ಕೆ ದೊಡ್ಡ ಸುಖವಿತ್ತು. ಯಾರಾದರೂ ಅಂಥ ಕಥೆ ತೆಗೆದರೆ ‘ನೀ ಕಣ್ಣಿಲೆ ನೋಡೀಯೇನು?’ ಎಂದು ಕೇಳಿ, ಅವರು ತಡವರಿಸುವುದನ್ನು ನೋಡಿ ನಗುತ್ತಿದ್ದೆ. ಬೌದ್ಧ ಅಧ್ಯಯನದಲ್ಲಿ ಎಂ.ಎ. ಮಾಡಲು ಹೋದದ್ದೂ ಅರ್ಧ ಇದೇ ಸೊಕ್ಕಿನಿಂದ. ಯಾರೋ ಹೇಳಿದರೆಂದು ನಂಬಬೇಡ, ಒರೆಗೆ ಹಚ್ಚಿ ನೋಡು ಎನ್ನುವ ಮಾರ್ಗ ಅದೊಂದೇ ಎಂದು ತಿಳಿದಿದ್ದೆ. ತುರ್ವಿಹಾಳದಲ್ಲಿ ಭತ್ತ ಬೆಳೆಯುವ ನಮ್ಮಪ್ಪ, ‘ಬುದ್ಧನ್ನ ಓದಿದ್ರ ಯಾವ ನೌಕರಿ ಸಿಗ್ತೈತಿ’ ಎಂದು ಎರಡು ತಿಂಗಳು ನನ್ನ ಕೂಡ ಮಾತು ಬಿಟ್ಟಿದ್ದ. ಆದ್ದರಿಂದ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದೆ.

ಎರಡನೆಯ ವರ್ಷ ಒಂದು ಪ್ರಬಂಧ ಒಪ್ಪಿಸಬೇಕಿತ್ತು. ಅದು ಪಾಸಾಗದಿದ್ದರೆ ಡಿಗ್ರಿ ಇಲ್ಲ. ಮಸ್ಕಿ ಗುಡ್ಡದ ಶಾಸನವನ್ನು ಪಂಡಿತರೆಲ್ಲ ಅರೆದು ಕುಡಿದಿದ್ದರು, ಅದರ ಮೇಲೆ ನಾನು ಹೊಸದೇನು ಹೇಳಲಿ? ಅಷ್ಟರಲ್ಲಿ ಪಾಮನಕಲ್ಲೂರಿನ ಕಡೆ ಒಂದು ಕಪ್ಪು ಎರೆ ಮಣ್ಣಿನ ಹೊಲದಲ್ಲಿ ಅಕ್ಷರವಿರುವ ಕಲ್ಲು ನಿಂತಿದೆ ಎಂದು ಗೊತ್ತಾಯಿತು. ಹೋಗಿ ನೋಡಿದೆ. ಎದೆಮಟ್ಟದ ಕಪ್ಪು ಕಲ್ಲು, ಮೈತುಂಬ ಎಣ್ಣೆಯ ಜಿಡ್ಡು. ಜಿಡ್ಡಿನ ಸಂದಿಯಲ್ಲಿ ‘ವಿಹಾರ’ ಎಂಬಷ್ಟು ಓದಲು ಬಂತು. ಯಾರೂ ನೋಡದ ಬೌದ್ಧ ಶಾಸನ ನನಗೊಬ್ಬನಿಗೇ ಸಿಕ್ಕಿದೆ ಎಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹೊಲದ ಮಾಲೀಕ ಎಪ್ಪತ್ತು ದಾಟಿದ ಮುದುಕ. ಹುಸೇನಸಾಬ ಎಂದು ಕರೆಯೋಣ, ನಿಜವಾದ ಹೆಸರು ಎಲ್ಲಿಯೂ ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಬಿತ್ತುವ ಮುಂಚೆ ಆ ಮನೆಯ ಹೆಂಗಸರು ಕಲ್ಲಿಗೆ ಶೇಂಗಾ ಎಣ್ಣೆ ಹಚ್ಚುವುದು ಮುತ್ತಜ್ಜನ ಕಾಲದ ಪದ್ಧತಿ. ಯಾಕೆ ಎಂದರೆ ಅವರಿಗೂ ಗೊತ್ತಿಲ್ಲ. ಮುದುಕನಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ, ಅದನ್ನವನು ಮುಚ್ಚಿಡಲೂ ಇಲ್ಲ.

‘ಅದರಾಗ ಏನ್ ಬರದೈತಿ?’ ಎಂದು ಕೇಳಿದ.

‘ವಿಹಾರಕ್ಕ ಯಾರೋ ಭೂಮಿ ಬಿಟ್ಟಾರಂತ ಕಾಣ್ತೈತಿ ಕಾಕಾ. ವಿಹಾರ ಅಂದ್ರ ಬೌದ್ಧರ ಮಠ ಇದ್ದಂಗ.’

ಆ ಮಾತು ಆಡಬಾರದಿತ್ತು. ಮುದುಕ ಮುಖ ಗಂಟು ಹಾಕಿಕೊಂಡ. ‘ಹಂಗಂದ್ರ ಹೊಲ ನಮ್ಮದಲ್ಲಂತ ಬರದೈತೇನು? ಇವತ್ತ ನೀವು ಬಂದೀರಿ, ನಾಳೆ ಸರ್ವೇದವರು ಬರ್ತಾರ. ಸುತ್ತ ತಂತಿ ಹಾಕಿ ನಮ್ಮನ್ನ ಹೊರಗ ನಿಂದರಸ್ತಾರ.’

ಮೂರು ಸಲ ಹೋಗಿ ಬೇಡಿಕೊಂಡೆ. ಕಡೆಗೆ, ‘ಒಂದ ದಿನ. ಬರ್ರಿ, ಮಾಡ್ಕೊಂಡು ಹೋಗ್ರಿ. ಮತ್ತ ಈ ಕಡೆ ಮುಖ ಹಾಕಬ್ಯಾಡ್ರಿ’ ಎಂದ.

ಶಾಸನದ ಪಡಿಯಚ್ಚು ತೆಗೆಯುವುದು ಹೇಗೆಂದು ನಿಮಗೆ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಲ್ಲನ್ನು ತೊಳೆದು ಅದರ ಮೇಲೆ ನೆನೆಸಿದ ಕಾಗದ ಹಾಸುತ್ತಾರೆ. ಗಟ್ಟಿ ಕೂದಲಿನ ಬ್ರಶ್ಶಿನಿಂದ ಬಡಿಯುತ್ತಾರೆ. ಕೆತ್ತಿದ ಅಕ್ಷರದ ತಗ್ಗಿನೊಳಗೆ ಕಾಗದ ಇಳಿಯುತ್ತದೆ. ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಿದರೆ, ಮೇಲ್ಮೈಯೆಲ್ಲ ಕಪ್ಪಾಗಿ, ತಗ್ಗಿನಲ್ಲಿರುವ ಅಕ್ಷರ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಯಾರು ಮಾಡಿದರೂ ಇಷ್ಟೇ.

ಹೋದದ್ದು ಬೇಸಿಗೆಯ ಒಂದು ದಿನ. ಕಲ್ಲಿಗೆ ಸೋಡಾ ಪುಡಿ ಹಾಕಿ, ತೆಂಗಿನ ನಾರಿನಿಂದ ಒಂದು ತಾಸು ತಿಕ್ಕಿದೆ. ಮುದುಕ ದೂರದ ಬದುವಿನ ಮೇಲೆ ಬೇವಿನ ಗಿಡದ ನೆರಳಿಗೆ ಕೂತು ನನ್ನನ್ನೇ ನೋಡುತ್ತಿದ್ದ. ಅವರ ಮನೆಯ ಹೆಂಗಸರು ಹಚ್ಚಿದ ಎಣ್ಣೆಯೆಲ್ಲ ಕರ್ರಗೆ ಹರಿದು ಮಣ್ಣಿಗೆ ಇಳಿಯಿತು. ನಿಜ ಹೇಳುತ್ತೇನೆ, ತಿಕ್ಕುವಾಗ ನನಗೆ ಖುಷಿಯಾಗುತ್ತಿತ್ತು. ಅವರ ಮೌಢ್ಯವನ್ನೇ ಕೆರೆದು ತೆಗೆಯುತ್ತಿದ್ದೇನೆ ಎಂಬ ಹಮ್ಮು. ಅಷ್ಟು ಕೆಟ್ಟ ಖುಷಿ ನನಗೆ ಮತ್ತೆ ಯಾವತ್ತೂ ಆಗಿಲ್ಲ.

ಮಟಮಟ ಮಧ್ಯಾಹ್ನ ಕಾಗದ ಹಾಸಿ ಬಡಿಯತೊಡಗಿದೆ. ನಾಲ್ಕೈದು ಏಟು ಹಾಕಿದ್ದೆನೋ ಏನೋ, ಕಲ್ಲಿನ ಆಚೆ ಬದಿಯಲ್ಲೂ ಬಡಿದ ಸಪ್ಪಳ ಕೇಳಿತು. ನನ್ನದೇ ಏಟು ಮರುದನಿಯಾಗುತ್ತಿದೆ ಎಂದುಕೊಂಡೆ. ಬಯಲಿನಲ್ಲಿ ಎಲ್ಲಿಯ ಮರುದನಿ? ಎದ್ದು ಕಲ್ಲಿನ ಹಿಂದೆ ಹೋದೆ. ಒಡೆದ ಎರೆ ಮಣ್ಣು ಬಿಟ್ಟರೆ ಏನೂ ಇಲ್ಲ. ಬಂದು ಮೂರು ಏಟು ಹಾಕಿದೆ. ಆಚೆಯಿಂದ ಮೂರು. ಬ್ರಶ್ಶು ಎತ್ತಿ ಹಿಡಿದು ಸುಮ್ಮನೆ ಕೂತೆ. ಆಗ ಆಚೆಯಿಂದ ಇನ್ನೆರಡು ಏಟು ಬಿದ್ದವು, ನಿಧಾನವಾಗಿ. ಕಾಗದದ ಮೇಲಿದ್ದ ನನ್ನ ಎಡಗೈಗೆ ಅವು ತಾಕಿದವು.

ಹೆದರಿದೆನೇ ಎಂದರೆ, ಹೆದರಿದೆ. ಆದರೆ ಹೆದರಿಕೆಗಿಂತ ಸಿಟ್ಟು ಹೆಚ್ಚಾಗಿತ್ತು. ಯಾರೋ ನನ್ನನ್ನು ಅಣಕಿಸುತ್ತಿದ್ದಾರೆ ಎನ್ನಿಸಿ, ಹಲ್ಲು ಕಚ್ಚಿ ಬಡಿದು ಮುಗಿಸಿದೆ. ಆಮೇಲೆ ಮಸಿ ಒತ್ತತೊಡಗಿದೆ. ಅಕ್ಷರಗಳು ಕಪ್ಪಾಗುತ್ತಿದ್ದವು, ಸುತ್ತಲ ಕಾಗದ ಬಿಳಿಯಾಗಿಯೇ ಇತ್ತು. ಬೆರಳಾಡಿಸಿ ನೋಡಿದೆ. ತಗ್ಗಿಗೆ ಇಳಿಯಬೇಕಾದ ಕಾಗದ, ಒಳಗಿನಿಂದ ಯಾರೋ ನೂಕಿದಂತೆ, ಒಂದೊಂದು ಅಕ್ಷರದಲ್ಲೂ ನನ್ನ ಕಡೆಗೆ ಉಬ್ಬಿ ನಿಂತಿತ್ತು. ಕಾಗದ ಬಿಡಿಸಿ ಕಲ್ಲನ್ನು ಮುಟ್ಟಿದೆ. ಕಲ್ಲಿನ ಅಕ್ಷರಗಳು ತಗ್ಗಾಗಿಯೇ ಇದ್ದವು, ನನ್ನ ಉಗುರು ಅವುಗಳೊಳಗೆ ಇಳಿಯುತ್ತಿತ್ತು.

ಇನ್ನೊಂದು ಕಾಗದ ಹಾಸಿ ಮತ್ತೆ ಮಾಡಿದೆ. ಈ ಸಲ ಸಪ್ಪಳವೂ ಇಲ್ಲ, ಉಬ್ಬೂ ಇಲ್ಲ. ಎಲ್ಲರಿಗೂ ಬರುವಂತೆ ಬಿಳಿ ಅಕ್ಷರ ಬಂತು. ಸಾಮಾನು ಕಟ್ಟಿಕೊಂಡು ಬದುವಿನ ಹತ್ತಿರ ಬಂದಾಗ ಹುಸೇನಸಾಬ ಕೇಳಿದ, ‘ನಿಮ್ಮ ಕೂಡ ಇನ್ನೊಬ್ಬರು ಬಂದಾರೇನು?’

‘ಇಲ್ಲಲ್ಲ, ಯಾಕ ಕಾಕಾ?’

‘ಮೊದಲಿಗೆ ಇಬ್ಬರು ಬಡಿಯಾಕತ್ತಿದ್ದು ಕೇಳ್ತು.’

ನಾನು ನೇರ ಹೋಗಿ ಬಸ್ಸು ಹಿಡಿದೆ. ಎರಡನೆಯ ಕಾಗದವೊಂದನ್ನೇ ಕೊಟ್ಟು ತೆಪ್ಪಗಿದ್ದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾನು ಸತ್ಯವಂತ ನೋಡಿ. ಎರಡನ್ನೂ ನನ್ನ ಪ್ರಬಂಧಕ್ಕೆ ಗೈಡ್ ಆಗಿದ್ದ ಪ್ರಾಧ್ಯಾಪಕರ ಮೇಜಿನ ಮೇಲೆ ಹಾಸಿ ನಡೆದದ್ದನ್ನೆಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು, ಕಪ್ಪು ಅಕ್ಷರದ ಪ್ರತಿಯ ಮೇಲೆ ಬೆರಳಿಟ್ಟರು. ‘ಉಬ್ಬಿದ ಅಕ್ಷರದ ಕಟ್ಟಿಗಿ ಅಚ್ಚು ಎಲ್ಲಿ ಮಾಡಿಸಿದಿ?’ ಎಂದರು.

‘ಸರ್, ಒಂದೇ ಕಲ್ಲಿನ ಮ್ಯಾಲೆ ಒಂದರ ಹಿಂದ ಒಂದು ತಗದೀನ್ರಿ.’

‘ಲೇ, ನಂಗ ಮೂವತ್ತು ವರ್ಷ ಆತು ಈ ಕೆಲಸಕ್ಕ. ತಗ್ಗಿನ ಅಕ್ಷರ ಕರ್ರಗ ಬರೂದಿಲ್ಲ. ಇದು ಖೊಟ್ಟಿ. ಇದು ಖೊಟ್ಟಿ ಅಂದ್ರ ಅದೂ ಖೊಟ್ಟಿನ. ಕಲ್ಲು ತೋರಸು, ಇಲ್ಲಾ ಹೊಲದಾತನ್ನ ಕರ್ಕೊಂಡ ಬಾ.’

ಮರುದಿನವೇ ಹೊಲಕ್ಕೆ ಓಡಿದೆ. ಕಲ್ಲು ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಕುಂಟೆ ಹೊಡೆದು ಮಣ್ಣು ಸಮ ಮಾಡಿದ್ದರು. ಹುಸೇನಸಾಬ ಅದೇ ಬದುವಿನ ಮೇಲೆ ಕೂತಿದ್ದ.

‘ಕಲ್ಲು ಎಲ್ಲಿ ಕಾಕಾ?’

‘ಯಾವ ಕಲ್ಲು?’

‘ಅವತ್ತ ನೀವ ಕೇಳಿದ್ರಲ್ಲ, ಇಬ್ಬರು ಬಡದಂಗಾತು ಅಂತ. ಅಷ್ಟ ಬಂದು ಹೇಳ್ರಿ ಸಾಕು. ನನ್ನ ಎರಡು ವರ್ಷ ನೀರಾಗ ಹೋಗ್ತಾವ.’

ಮುದುಕ ನನ್ನ ಮುಖ ನೇರವಾಗಿ ನೋಡಿದ. ‘ನಾ ಏನೂ ಕೇಳಿಲ್ಲ. ನಿಮ್ಮನ್ನ ನೋಡೇ ಇಲ್ಲ. ನಡೀರಿ ಇಲ್ಲಿಂದ.’ ಅವನಿಗೆ ಶಾಪ ಹಾಕುತ್ತ ಪಾಮನಕಲ್ಲೂರಿನವರೆಗೆ ನಡೆದೆ. ನನಗೆ ಡಿಗ್ರಿ ಎಷ್ಟೋ ಅವನಿಗೆ ಹೊಲ ಅಷ್ಟೇ ಎಂದು ತಿಳಿದುಕೊಳ್ಳಲು ಬಹಳ ವರ್ಷ ಬೇಕಾದವು.

ಗೈಡಿಗೆ ಕೊನೆಗೆ ಕರುಣೆ ಬಂತೋ, ತಲೆನೋವು ಮುಗಿದರೆ ಸಾಕೆನ್ನಿಸಿತೋ ತಿಳಿಯದು. ಕಲ್ಲಿದ್ದದ್ದು ಮೊದಲ ಸಲ ಹೋದಾಗ ನಾನು ತೆಗೆದ ಫೋಟೋದಲ್ಲಿ ಕಾಣುತ್ತಿತ್ತು. ‘ಮೊದಲನೆಯ ಪ್ರತಿಯ ಅಕ್ಷರಗಳನ್ನು ನಾನೇ ಕೈಯಿಂದ ತಿದ್ದಿದ್ದೇನೆ, ಎರಡನೆಯದು ಮಾತ್ರ ಅಸಲು’ ಎಂದು ಬರೆದುಕೊಟ್ಟರೆ ಪ್ರಬಂಧ ಮುಂದೆ ಕಳಿಸುತ್ತೇನೆ ಎಂದರು. ಅವರ ಎದುರೇ ಕೂತು ಬರೆದು ಸಹಿ ಹಾಕಿದೆ. ಅವರು ಮೊದಲನೆಯ ಪ್ರತಿಯನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಅದೇ ತಿಂಗಳ ಪರೀಕ್ಷೆಯಲ್ಲಿ ಪಂಚಶೀಲದ ಪ್ರಶ್ನೆ ಬಂದಿತ್ತು. ಸುಳ್ಳಾಡಬಾರದು ಎಂಬ ಶೀಲದ ಬಗ್ಗೆ ಎರಡು ಪುಟ ಬರೆದೆ, ಒಳ್ಳೆಯ ಅಂಕವೂ ಬಂತು.

ಈಗ ಲಿಂಗಸುಗೂರಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಪಡಿಯಚ್ಚು ತೆಗೆಯುವವರನ್ನು ಎಷ್ಟೋ ಸಲ ಕೇಳಿದ್ದೇನೆ. ಗಾಳಿ ಸಿಕ್ಕಿಕೊಂಡಿರಬೇಕು ಎನ್ನುತ್ತಾರೆ. ಗಾಳಿ ಸಿಕ್ಕರೆ ಗುಳ್ಳೆ ಬರುತ್ತದೆ, ಅಕ್ಷರ ಬರುವುದಿಲ್ಲ ಎಂದರೆ ಮಾತು ಬದಲಿಸುತ್ತಾರೆ. ಕಲ್ಲು ಯಾವ ಮಣ್ಣಿನಡಿ ಇದೆಯೋ ಗೊತ್ತಿಲ್ಲ, ಮುದುಕ ತೀರಿಹೋದ. ಬರೆದಿಟ್ಟ ದಾಖಲೆಯನ್ನು ಮಾತ್ರ ನಂಬಿರಿ ಎಂದು ಮಕ್ಕಳಿಗೆ ಹೇಳಿಕೊಡುವುದು ನನ್ನ ಉದ್ಯೋಗ. ಆ ಮಧ್ಯಾಹ್ನದ ಬಗ್ಗೆ ಈಗ ಉಳಿದಿರುವುದು ಒಂದೇ ಒಂದು ದಾಖಲೆ, ಗೈಡಿಗೆ ಬರೆದುಕೊಟ್ಟ ಆ ಹಾಳೆ. ಅದರ ಪ್ರಕಾರ ಅಂಥದ್ದೇನೂ ನಡೆಯಲಿಲ್ಲ, ಕೆಳಗೆ ನನ್ನ ಸಹಿ ಇದೆ.